ಬಸ್ಸಿಗೆ ಅಡ್ಡ ನಿಂತ ನೀಮಾ

ಕಣ್ಣು ತೆರೆದಾಗ ನಾನು ಬಿಳೇಕಹಳ್ಳಿಯ ರಸ್ತೆ ಮಧ್ಯೆ ಬಿದ್ದಿದ್ದೆ. ದಾಟುತ್ತಿದ್ದದ್ದಷ್ಟೇ ನೆನಪು. ಬಿಸಿಲು ನೀರಿನೊಳಗಿಂದ ಕಂಡಂತೆ ಅಲುಗುತ್ತಿತ್ತು. ಹಾರ್ನ್‌ಗಳ ಸದ್ದು ದೂರದ ಮದುವೆ ಮನೆಯ ವಾಲಗದಂತೆ ತೇಲಿ ಬರುತ್ತಿತ್ತು. ಎದುರಿಗೆ ಬಸ್ಸೊಂದು ಗುರುಗುಟ್ಟುತ್ತಾ ನಿಂತಿತ್ತು. ಅದಕ್ಕೂ ನನಗೂ ನಡುವೆ ಒಬ್ಬ ಹುಡುಗಿ ಎರಡೂ ಕೈ ಚಾಚಿ ನಿಂತಿದ್ದಳು.

ಬಸ್ಸಿನ ಇಂಜಿನ್ ಆರಿದ ಮೇಲೆ ಅವಳು ಅಲ್ಲೇ ಕೂತು, ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, "ಪೋಲೆ ಸಾನಾ" ಎನ್ನುತ್ತಾ ಹಣೆ ಸವರಿದಳು. ಅರ್ಥವಾಗದಿದ್ದರೂ ಹಾಗೇ ಕೇಳುತ್ತಾ ಮಲಗಿರೋಣ ಅನ್ನಿಸಿತು. ಜ್ಯೂಸ್ ಅಂಗಡಿಯವರು ಗ್ಲಾಸ್ ಹಿಡಿದು ಓಡಿ ಬಂದರು. ಆಟೋದವರೊಬ್ಬರು ಕ್ಲಿನಿಕ್‌ಗೆ ಕರೆದೊಯ್ದರು. ಶುಗರ್ ತೀರಾ ಇಳಿದಿತ್ತಂತೆ.

ಡ್ರಿಪ್ ಮುಗಿಯುವವರೆಗೂ ಅವಳು ಪಕ್ಕದಲ್ಲೇ ಇದ್ದಳು. ಹೆಸರು ನೀಮಾ. ಟಾಂಜಾನಿಯಾದಿಂದ ಓದಲು ಬಂದವಳು. 'ಪೋಲೆ' ಎನ್ನುವುದು ಅವರ ಸ್ವಾಹಿಲಿ ಭಾಷೆಯಲ್ಲಿ ಸಮಾಧಾನದ ಮಾತಂತೆ. ಎಡವಿದವರು ಅಪರಿಚಿತರಾದರೂ ಅವರಿಗೆ ಹಾಗೆ ಹೇಳದೆ ಯಾರೂ ಮುಂದೆ ಹೋಗುವುದಿಲ್ಲವಂತೆ.

"ಬಸ್ ನಿಲ್ಲದೇ ಇದ್ದಿದ್ರೆ ನಿನ್ನ ಗತಿ ಏನಾಗ್ತಿತ್ತಮ್ಮಾ?" ಎಂದೆ.

ತನಗೆ ಬರುವಷ್ಟು ಕನ್ನಡದಲ್ಲಿ ನಿಧಾನವಾಗಿ ಹೇಳಿದಳು: "ನಮ್ಮ ಊರಲ್ಲಿ ಒಬ್ರು ಬಿದ್ರೆ ಎಲ್ಲಾರೂ ಓಡಿ ಬರ್ತಾರೆ ಆಂಟಿ. ಜೀವ ಅವರೊಬ್ರದ್ದೇ ಅಲ್ಲ, ಎಲ್ಲಾರ್ದು."

ನನ್ನ ಜೀವ ನನ್ನ ಮನೆಯವರದ್ದು ಮಾತ್ರ ಎಂದುಕೊಂಡಿದ್ದೆ. ಈಗ ರಸ್ತೆ ದಾಟಲು ನಿಂತಾಗಲೆಲ್ಲ ಪಕ್ಕದಲ್ಲಿರುವವರ ಮುಖವನ್ನು ಒಮ್ಮೆ ನೋಡುತ್ತೇನೆ, ಹುಷಾರಾಗಿದ್ದಾರಾ ಅಂತ.