ಕಮಲಾಪುರ ರಸ್ತೆಯ ಮುಕಾದಮವ್ವ

ಮುಕಾದಮವ್ವನ ಎಡಗೈಯ ಕೊನೆಯ ಎರಡು ಬೆರಳು ಒಂದಕ್ಕೊಂದು ಅಂಟಿ ಒಂದೇ ಆಗಿದ್ದವು. ಉಗುರಿರಲಿಲ್ಲ. ಅಲ್ಲಿಯ ತೊಗಲು ಸುಟ್ಟು ಸಿಪ್ಪೆ ತೆಗೆದ ಬದನೆಕಾಯಿಯ ಹಾಗೆ ಹೊಳೆಯುತ್ತಿತ್ತು. ಹೊಸದಾಗಿ ಕೆಲಸಕ್ಕೆ ಬಂದವರ ಮೂಗಿನ ಮುಂದೆ ಆ ಕೈ ಹಿಡಿದು, "ನೋಡ್ಕೋ ಸರಿಯಾಗಿ," ಎನ್ನುತ್ತಿದ್ದಳು. "ಡಾಂಬರ ಬಿದ್ದಾಗ ಇಷ್ಟ ಆಗಿರಲಿಲ್ಲ. ನಮ್ಮೋರೇ ಗಾಬರಿಬಿದ್ದು ಜಗ್ಗಿ ಕಿತ್ತಾರ. ಡಾಂಬರಿನ ಜೋಡಿ ತೊಗಲೂ ಹೋತು. ಮೈಮ್ಯಾಲ ಬಿದ್ರ ಕೀಳಬ್ಯಾಡ್ರಿ, ನೀರಾಗ ಅದ್ದಿ ಇಡ್ರಿ. ತಿಳೀತಿಲ್ಲೋ?" ತಿಳಿಯಿತು ಎನ್ನುವತನಕ ಕೈ ತೆಗೆಯುತ್ತಿರಲಿಲ್ಲ.

ಕಲಬುರಗಿಯಿಂದ ಕಮಲಾಪುರಕ್ಕೆ ಹೋಗುವ ಹೆದ್ದಾರಿಯಲ್ಲಿ ಗುಂಡಿ ಮುಚ್ಚುವ ಗ್ಯಾಂಗು ನಮ್ಮದು. ಕಾಗದದ ಮೇಲೆ ಮುಕಾದಮ, ಅಂದರೆ ಗ್ಯಾಂಗಿನ ಮೇಸ್ತ್ರಿ, ಒಬ್ಬ ಗಂಡಸೇ ಇದ್ದ. ಹಾಜರಿ ಬರೆದು ಬೇವಿನ ಗಿಡದ ಕೆಳಗೆ ಮಲಗುವುದಷ್ಟೇ ಅವನ ಕೆಲಸ. ಗ್ಯಾಂಗು ನಡೆಸುವವಳು ಇವಳು. ಹಾಗಾಗಿ ಎಲ್ಲರ ಬಾಯಲ್ಲೂ ಮುಕಾದಮವ್ವ. ಎಂಬತ್ತರ ದಶಕದ ಕೊನೆಯ ಮಾತಿದು. ಗಂಡ ತೀರಿಕೊಂಡು ನಾನು ಮಹಾಗಾಂವದ ತವರಿಗೆ ಬಂದು ಕುಳಿತಿದ್ದೆ. ಅಣ್ಣನ ಮನೆಯಲ್ಲಿ ರೊಟ್ಟಿ ಬಡಿಯುತ್ತ ಮುದುಕಿಯಾಗುವ ಮನಸ್ಸು ನನಗಿರಲಿಲ್ಲ. ಮನೆಯ ಹೆಣ್ಣು ರೋಡಿಗೆ ನಿಂತರೆ ಅಣ್ಣನಿಗೆ ಮಾನ ಹೋದ ಹಾಗೆ. ಜಗಳವಾಡಿಯೇ ಹೋದೆ.

ಆಗ ಹೆಂಗಸರೆಂದರೆ ಬುಟ್ಟಿಯಲ್ಲಿ ಖಡಿ, ಜಲ್ಲಿಕಲ್ಲು ಹೊರುವವರು, ಅಷ್ಟೇ. ಡಾಂಬರು ಕಾಯಿಸಿ ಸುರಿಯಲು ಬೇರೆ ಕಡೆಯಿಂದ ಆಳುಗಳು ಬರುತ್ತಿದ್ದರು. ಮುಕಾದಮವ್ವ ಇಂಜಿನಿಯರ್ ಸಾಹೇಬರ ಜೀಪಿಗೆ ಅಡ್ಡ ನಿಂತು ಕೇಳಿದ್ದಳಂತೆ: "ನಮ್ಮೂರ ರೋಡಿಗೆ ತ್ಯಾಪಿ ಹಚ್ಚಾಕ ಪರ ಊರಿನವರು ಯಾಕ ಬೇಕ್ರಿ ಸಾಹೇಬ್ರ? ನಮ್ಮ ಮಂದಿಗಿ ಕೈ ಇಲ್ಲೇನು?" ಕಲಿಸಿ ತೋರಿಸು ಎಂದರು ಸಾಹೇಬರು, ನಗೆಯಾಡಿ. ಇವಳು ಕಲಿಸಿಯೇಬಿಟ್ಟಳು.

ಹೇಗೆ ಕಲಿಸಿದಳು ಅಂತೀರಿ? ಬಡಿದು. ಡಾಂಬರಿನ ಸೌಟಿನ ಉದ್ದ ಹಿಡಿಕೆಯಿಂದ ಮೀನಖಂಡಕ್ಕೆ ಬಿಡುತ್ತಿದ್ದಳು. ಬೆಂಕಿಯ ಹತ್ತಿರ ಸೆರಗು ಇಳಿಬಿಟ್ಟರೆ ಏಟು. ಗಾಡಿ ಬರುವ ಕಡೆ ಬೆನ್ನು ಮಾಡಿದರೆ ಏಟು. ಹಸಿ ಡಬ್ಬಿಗೆ ಡಾಂಬರು ಹಿಡಿದರಂತೂ ಎರಡು, ಯಾಕೆಂದರೆ ಕಾದ ಡಾಂಬರಿಗೆ ನೀರಿನ ಪಸೆ ತಗುಲಿದರೆ ಉಕ್ಕಿ ಸಿಡಿಯುತ್ತದೆ. ಡಬ್ಬಿಯನ್ನು ಮೊದಲು ಬೆಂಕಿಗೆ ಹಿಡಿದು ಒಣಗಿಸಬೇಕು. "ನಾ ಹೊಡದ್ರ ಸಂಜೀತನ ಉರೀತದ. ಅದು ಹೊಡದ್ರ ಸಾಯೋತನ," ಎನ್ನುತ್ತಿದ್ದಳು. ನನಗೆ ಅವಳನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಸತ್ತು ಹೋಗಲಿ ಮುದುಕಿ ಎಂದು ಎಷ್ಟು ಸಲ ಶಪಿಸಿದ್ದೇನೋ!

ಲಾರಿಯವರಿಗೂ ಅವಳೆಂದರೆ ನಡುಕ. ಒಬ್ಬ ಕೆಂಪು ಬಾವುಟ ಲೆಕ್ಕಿಸದೆ ಹಸಿ ತೇಪೆಯ ಮೇಲೆ ಲಾರಿ ಹಾಯಿಸಿದ. ಬಾವುಟ ಹಿಡಿದ ಹೆಂಗಸು ಗೇಣು ಅಂತರದಲ್ಲಿ ಉಳಿದಳು. ಮುಕಾದಮವ್ವ ಮುಷ್ಟಿಗಾತ್ರದ ಕಲ್ಲು ಎತ್ತಿ ಮುಂದಿನ ಗಾಜು ಒಡೆದಳು. ಅವನು ರಾಡು ಹಿಡಿದು ಇಳಿದ. ಇವಳು ಹೊಗೆಯಾಡುವ ಡಾಂಬರನ್ನು ಸೌಟಿನಲ್ಲಿ ತುಂಬಿಕೊಂಡು, "ಬಾ ನನ್ನಪ್ಪ, ಮಾರಿಗೊಂದು ತ್ಯಾಪಿ ಹಚ್ಚತೀನಿ," ಅಂದಳು. ಅವನು ಹಿಂದಕ್ಕೆ ಹೆಜ್ಜೆಯಿಡುತ್ತಲೇ ಲಾರಿ ಹತ್ತಿದ.

ನಾನು ಮಾಡಿದ್ದೇನು ಎಂಬುದನ್ನು ಈಗ ಹೇಳಬೇಕು. ಅಂದು ಕಮಲಾಪುರದ ಈಚೆ ಕೆಲಸ. ಧೂಳು ಹತ್ತಿದೆಯೆಂದು ಡಬ್ಬಿ ತೊಳೆದೆ. ಒಣಗಿಸಲಿಲ್ಲ. ಅವಸರವಿತ್ತು, ಅವಳು ಆಚೆ ಕಡೆ ನೋಡುತ್ತಿದ್ದಳು, ನಡೆದೀತು ಅನ್ನಿಸಿತು. ಮೊದಲ ಸೌಟು ಬೀಳುತ್ತಲೇ ಡಬ್ಬಿ ಬುಸ್ಸೆಂದು ಉಕ್ಕಿ, ನನ್ನ ಬಲಗೈ ಬೆರಳಿನಿಂದ ಮಣಿಕಟ್ಟಿನವರೆಗೆ ಕಪ್ಪಾಯಿತು. ಆ ಉರಿಯನ್ನು ನಾನು ಹೇಳಲಾರೆ. ಕಿರುಚುತ್ತ ಇನ್ನೊಂದು ಕೈಯಿಂದ ಡಾಂಬರು ಕೀಳಲು ಹೋದೆ. ಮುಕಾದಮವ್ವ ಓಡಿಬಂದು ನನ್ನನ್ನು ಕೆಡವಿ ಎದೆಯ ಮೇಲೆ ಕುಳಿತಳು. ಸುಟ್ಟ ಕೈಯನ್ನು ಕುಡಿಯುವ ನೀರಿನ ಗಡಿಗೆಗೆ ತುರುಕಿ ಹಿಡಿದಳು.

ಗ್ಯಾಂಗಿನ ಇಬ್ಬರು ಗಂಡಸರು ಸೀಮೆಎಣ್ಣೆಯ ಅರಿವೆ ಹಿಡಿದು ಬಂದರು. "ಬಿಡಬೇ, ತಗೀತೀವಿ! ಹುಡುಗಿ ಸಾಯಾಕತ್ತಾಳ!"

"ಕೈ ಹಚ್ಚೀರಿ ಅಂದ್ರ ಕಡೀತೀನಿ!" ಎಂದು ಒಂದು ಕೈಯಿಂದಲೇ ಸಲಿಕೆ ಬೀಸಿದಳು. ಒಬ್ಬನ ಮೊಣಕಾಲಿನ ಚಿಪ್ಪಿಗೆ ಬಿತ್ತು. ನಾನು ಅವಳ ತೊಡೆ ಕಚ್ಚಿದೆ, ರಕ್ತ ಬಂತು. ಅರ್ಧ ತಾಸು ಅವಳು ಏಳಲಿಲ್ಲ. ಗಡಿಗೆ ಮೇಲೆ ಗಡಿಗೆ ನೀರು ತರಿಸಿದಳು. ಆಮೇಲೆ ರಸ್ತೆಯ ನಡುವೆ ನಿಂತು ಒಂದು ಟೆಂಪೋ ತಡೆದು, ನನ್ನನ್ನು ಕಲಬುರಗಿಯ ಆಸ್ಪತ್ರೆಗೆ ಕಳಿಸಿದಳು. ಡಾಂಬರು ಇನ್ನೂ ಒಲೆಯ ಮೇಲಿತ್ತು, ತಾನು ಬರಲಿಲ್ಲ.

ಆಸ್ಪತ್ರೆಗೆ ಅಣ್ಣ ಬಂದ. "ಯಾರ್ ಮಾಡ್ಯಾರ ತಂಗಿ ಇದನ್ನ?" ಎಂದು ಕೇಳಿದ. ಡಬ್ಬಿ ನಾನೇ ಒಣಗಿಸಲಿಲ್ಲ ಅಂದಿದ್ದರೆ ಮುಗಿಯುತ್ತಿತ್ತು. ಅನ್ನಲಿಲ್ಲ. ಉರಿಯಿತ್ತು, ಸಿಟ್ಟಿತ್ತು, ತಪ್ಪು ನನ್ನದೆಂದರೆ ಅಣ್ಣ ಕೆಲಸ ಬಿಡಿಸಿಬಿಡುತ್ತಾನೆಂಬ ಅಂಜಿಕೆಯೂ ಇತ್ತು. "ಮುಕಾದಮವ್ವ ಬೇಕಂತ ಸುಟ್ಟಳು. ಎದಿ ಮ್ಯಾಲ ಕುಂತು ಸುಟ್ಟಳು," ಅಂದೆ.

ಅಣ್ಣ ಇಬ್ಬರು ಗೆಳೆಯರನ್ನು ಕರೆದುಕೊಂಡು ಹೋಗಿ, ಸಂಜೆ ಸಾಮಾನು ಎತ್ತಿಡುತ್ತಿದ್ದ ಅವಳನ್ನು ಅವಳದೇ ಸಲಿಕೆಯ ಹಿಡಿಕೆಯಿಂದ ಬಡಿದ. ಮರುದಿನ ಡಾಕ್ಟರು ಎಣ್ಣೆ ಹಚ್ಚಿ ನನ್ನ ಕೈಯ ಡಾಂಬರನ್ನು ಮೆಲ್ಲಗೆ ಸಡಿಲಿಸುತ್ತ, "ಕೀಳದೆ ನೀರಲ್ಲಿ ಇಟ್ಟೋರು ಯಾರ್ರೀ? ಇಲ್ಲಾಂದ್ರ ಈ ಬೆರಳು ಮಡಚತಿರಲಿಲ್ಲ," ಅಂದರು. ಅಣ್ಣ ಪಕ್ಕದಲ್ಲೇ ನಿಂತಿದ್ದ. ಅವನ ಅಂಗಿಯ ತೋಳಿಗೆ ರಕ್ತ ಹತ್ತಿತ್ತು, ನನ್ನದಲ್ಲ.

ಅದೇ ವಾರ್ಡಿನಲ್ಲಿ, ನನ್ನಿಂದ ನಾಲ್ಕು ಮಂಚ ಆಚೆ, ಅವಳನ್ನೂ ತಂದು ಹಾಕಿದ್ದರು. ದವಡೆ ಮುರಿದಿತ್ತು. ಬಲಗಣ್ಣು ಹೋಯಿತು. ಪೊಲೀಸರು ಬಂದಾಗ ಯಾರೋ ಲಾರಿಯವರು, ಮುಖ ಕಾಣಲಿಲ್ಲ ಎಂದು ಸನ್ನೆಯಲ್ಲೇ ತಿಳಿಸಿದಳು. ಬಾಯಿ ತೆರೆಯಲು ಬಂದ ದಿನ ನನ್ನನ್ನು ಕರೆಸಿ ಆಡಿದ ಮೊದಲ ಮಾತು, "ಬೆರಳ ಮಡಚಿ ತೋರಸು." ತೋರಿಸಿದೆ. ಅವಳ ಮುಖ ನೋಡುವ ಧೈರ್ಯವಾಗಲಿಲ್ಲ.

ಗುಣವಾದ ಮೇಲೆ ಮಹಾಗಾಂವಕ್ಕೆ ಬಂದಳು. ನಮ್ಮ ಅಂಗಳದಲ್ಲಿ, ಓಣಿಯ ಮಂದಿಯೆಲ್ಲ ನೋಡುತ್ತಿರುವಾಗ, ಕಾಲಿನ ಚಪ್ಪಲಿ ತೆಗೆದು ಅಣ್ಣನ ಕೆನ್ನೆಗೆ ಬಾರಿಸಿದಳು. ಅಣ್ಣ ತಲೆ ಎತ್ತಲಿಲ್ಲ. "ನಾಳಿಂದ ಇಕೀನ ಕೆಲಸಕ್ಕ ಕಳಸು. ಕಲಿಯೋದು ಇನ್ನಾ ಭಾಳ ಅದ," ಅಂದು ಹೊರಟುಹೋದಳು.

ಆಮೇಲೆ ಏನು ಕಲಿಸಲಿಲ್ಲ ನನಗೆ! ಡಾಂಬರಿನ ಹದ, ಖಡಿಯ ಅಳತೆ, ರಸ್ತೆಯ ನೀರು ಬದಿಗೆ ಹರಿಯುವಂತೆ ಇಳಿಜಾರು ಇಡುವುದು, ರೋಲರಿನವನನ್ನು ಬಾಯಿಮಾಡಿ ನಡೆಸುವುದು. ಪರ ಊರಿನ ಆಳುಗಳು ಬರುವುದು ನಿಂತಿತು. ಗುತ್ತಿಗೆದಾರರೇ ಅವಳು ತಯಾರು ಮಾಡಿದ ಮಂದಿಯನ್ನು ಹುಡುಕಿಕೊಂಡು ಬರತೊಡಗಿದರು. ಅವಳು ಬಿಟ್ಟ ಜಾಗಕ್ಕೆ ನಾನು ನಿಂತೆ. ಇಷ್ಟೆಲ್ಲ ಆದರೂ ಆ ಒಂದು ಮಾತು ನನ್ನ ಬಾಯಿಂದ ಹೊರಬೀಳಲಿಲ್ಲ.

ಕೊನೆಗೆ ಹೊಗೆ ತಿಂದ ಎದೆ ಅವಳನ್ನು ಮಲಗಿಸಿತು. ಕಲಬುರಗಿಯ ಜೇವರ್ಗಿ ಕಾಲೋನಿಯ ಹಿಂದೆ ಒಂದು ಬಾಡಿಗೆ ಖೋಲಿಯಲ್ಲಿದ್ದಳು. ಒಂದು ಮಧ್ಯಾಹ್ನ ಗಂಜಿ ಕುಡಿಸುವಾಗ ತಡೆಯಲಾಗದೆ ಹೇಳಿದೆ: "ಯವ್ವಾ, ಅವತ್ತ ಅಣ್ಣಗ ಸುಳ್ಳ ಹೇಳ್ದಾಕಿ ನಾನೇ. ನೀ ಬೇಕಂತ ಸುಟ್ಟಿ ಅಂದಿದ್ದೆ."

ಉಳಿದ ಒಂದು ಕಣ್ಣು ನನ್ನ ಮೇಲೆ ನೆಟ್ಟಿತು. "ಗೊತ್ತದ. ನಿಮ್ಮಣ್ಣ ಒಂದೊಂದು ಏಟಿಗೂ ಅದನ್ನೇ ಒದರಿಕೋತ ಹೊಡದಾನ."

ಬಟ್ಟಲು ಕೆಳಗಿಟ್ಟೆ. "ಮತ್ತ... ಮತ್ತ ಒಂದ ಮಾತರೆ ಯಾಕ ಕೇಳಲಿಲ್ಲ?"

"ನೀನೇ ಹೇಳ್ತೀ ಅಂತ ಕುಂತಿದ್ದೆ," ಅಂದಳು. "ಹದಿನೇಳ ವರ್ಷ ಹಚ್ಚಿದಿ."

ಗೋಡೆಯ ಕಡೆ ಹೊರಳಿದಳು. ಮುಂದೆ ಹನ್ನೊಂದು ದಿನ ಬದುಕಿದ್ದಳು. ದಿನಾ ಹೋಗಿ ಗಂಜಿ ಕುಡಿಸಿದೆ. ಕುಡಿದಳು, ಆದರೆ ಆ ಮಾತನ್ನು ಮತ್ತೆ ಎತ್ತಲಿಲ್ಲ.