ಸಿಗ್ವೋರ್ ಬಿಚ್ಚಿದ ಗೇರ್‌ಬಾಕ್ಸ್

ಕೆಲಸ ಮುಗಿಸಿ ಮನೆಯ ಏರು ಹತ್ತುವಾಗ ಸಿಗ್ವೋರಳ ಬೈಕು ಎರಡನೇ ಗೇರಿನಿಂದ ತಾನಾಗಿಯೇ ಜಾರಿತು. ಎಂಜಿನ್ ಸುಮ್ಮನೆ ಅರಚಿಕೊಂಡಿತೇ ಹೊರತು ಚಕ್ರಕ್ಕೆ ಬಲ ಬರಲಿಲ್ಲ. ಹಿಂದಿದ್ದ ಲಾರಿಯವನು ಹಾರ್ನ್ ಬಾರಿಸಿ, ಬೈದು, ಮುಂದೆ ಹೋದ. ಅವಳು ಇಳಿದು ಮಳೆಯಲ್ಲೇ ಬೈಕನ್ನು ಮನೆಯವರೆಗೆ ತಳ್ಳಿಕೊಂಡು ಬಂದಳು. ನಾನು ಕೆಳಗಿನ ಮನೆಯ ಕಿಟಕಿಯಿಂದ ನೋಡಿ ಹೊರಗೆ ಓಡಿದೆ.

"ಮತ್ತೆ ಜಾರ್ತಾ?"

"ಇವತ್ತು ಲಾರಿ ಚಕ್ರಕ್ಕೆ ಸಿಗೋದೊಂದು ಬಾಕಿ ಇತ್ತು, ಬೋರ್ಗಿಲ್ಡ್. ಹಿಡ್ಕೊಳೆ ಸ್ವಲ್ಪ, ಕೈ ಮರಗಟ್ಟಿದೆ."

ನಾವಿಬ್ಬರೂ ಇದೇ ತಿಸ್ಸೆದಾಲ್ ಊರಿನಲ್ಲಿ ಹುಟ್ಟಿ, ಒಂದೇ ಬೆಂಚಿನಲ್ಲಿ ಕೂತು ಓದಿದವರು. ಅವಳು ಪಕ್ಕದ ಊರಿನ ವೃದ್ಧರ ಮನೆಯಲ್ಲಿ ಬಟ್ಟೆ ಒಗೆಯುವ ಕೆಲಸಕ್ಕೆ ಹೋಗುತ್ತಿದ್ದಳು. ದಿನವಿಡೀ ಯಾರ್ಯಾರದೋ ಹಾಸಿಗೆ ಬಟ್ಟೆ ಒಗೆದು ಮಡಿಸಿ, ಮನೆಗೆ ಬಂದು ಗಂಡನ ಹಾಸಿಗೆ ಬಟ್ಟೆ ಬದಲಿಸುತ್ತಿದ್ದಳು. ಗಂಡ ಎಯ್ಲಿಫ್ ಕಾರ್ಖಾನೆಯ ಕುಲುಮೆಯಲ್ಲಿ ದುಡಿದವನು. ಹಿಂದಿನ ಚಳಿಗಾಲ ಅವನಿಗೆ ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಮಾತು ಪೂರ್ತಿ ಹೋಗಿರಲಿಲ್ಲ, ಆದರೆ ಬೇಕಾದ ಪದ ಬೇಕಾದಾಗ ಬರುತ್ತಿರಲಿಲ್ಲ. ಸಿಗದ ಪದದ ಜಾಗದಲ್ಲೆಲ್ಲ 'ಭಾನುವಾರ' ಎಂಬ ಒಂದೇ ಪದ ಬಂದು ಕೂರುತ್ತಿತ್ತು. ಕಾಫಿಯೂ ಭಾನುವಾರ, ಚಪ್ಪಲಿಯೂ ಭಾನುವಾರ.

ಬೈಕು ಅವನದು. ಹಳೆಯ ಇಂಗ್ಲಿಷ್ ಬೈಕು. ಅವನ ಹೊರತು ಯಾರೂ ಅದಕ್ಕೆ ಸ್ಪ್ಯಾನರ್ ತಗಲಿಸಿದವರಲ್ಲ. ಬಸ್ಸಿನ ಸಮಯ ತನ್ನ ಪಾಳಿಗೆ ಹೊಂದದೆ ಸಿಗ್ವೋರ್ ಅದನ್ನು ಓಡಿಸಲು ಶುರುಮಾಡಿದ್ದಳು. ಈಗ ಅದನ್ನು ಮಾರಿ ಒಂದು ಹಳೆಯ ಕಾರು ತರಬೇಕೆಂದು ಅವಳ ಮನಸ್ಸು. ವ್ಯಾಯಾಮದ ಆಸ್ಪತ್ರೆಗೆ ಎಯ್ಲಿಫನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೋಗಲಾಗುತ್ತದೆಯೇ? ರೋಲ್ದಾಲ್ ಊರಿನ ಶಾಲೆಯ ಮೇಷ್ಟರು ಗೌತೆ ಬೈಕನ್ನು ತೆಗೆದುಕೊಳ್ಳಲು ಒಪ್ಪಿದ್ದರು, ಗೇರು ಸರಿಯಿದ್ದರೆ ಮಾತ್ರ. ಇದು ನನಗೆ ಗೊತ್ತಿತ್ತು. ಎಯ್ಲಿಫನಿಗೆ ಅವಳು ಹೇಳಿರಲಿಲ್ಲ.

ಶನಿವಾರ ಬೆಳಿಗ್ಗೆ ಅವಳು ಗ್ಯಾರೇಜಿನಲ್ಲಿ ಕೂತಳು. ಪಕ್ಕದಲ್ಲಿ ಗಾಲಿಕುರ್ಚಿಯಲ್ಲಿ, ಕಂಬಳಿ ಹೊದ್ದು ಎಯ್ಲಿಫ್. ಪುಣ್ಯಕ್ಕೆ ಆ ಬೈಕಿನಲ್ಲಿ ಎಂಜಿನ್ ಇಳಿಸದೆ, ಪಕ್ಕದಿಂದಲೇ ಗೇರುಗಳನ್ನು ಹೊರತೆಗೆಯಬಹುದಿತ್ತು. ಎಣ್ಣೆ ಬಸಿದು, ಒಂದು ಬದಿಯ ಕ್ಲಚ್ ಬಿಚ್ಚಿ, ಇನ್ನೊಂದು ಬದಿಯ ಮುಚ್ಚಳ ತೆಗೆದಳು. ಅವನು ಎಡಗೈಯಲ್ಲಿ ತೋರಿಸುತ್ತಿದ್ದ.

"ಅದು... ಭಾನುವಾರ ತಿರುಗ್ಸು."

"ಯಾವ ಭಾನುವಾರ? ದೊಡ್ಡದಾ, ಚಿಕ್ಕದಾ?"

"ಚಿಕ್ಕ ಭಾನುವಾರ."

ನನಗೆ ನಗು ತಡೆಯಲಾಗಲಿಲ್ಲ. ಅವನೂ ಅರ್ಧ ಮುಖದಲ್ಲಿ ನಕ್ಕ. ಸಿಗ್ವೋರ್ ಮಾತ್ರ ನಗಲಿಲ್ಲ. ಅವಳ ಕಣ್ಣ ಕೆಳಗೆ ನೀಲಿ ಕಟ್ಟಿತ್ತು.

ಎಯ್ಲಿಫನನ್ನೂ ಒಳಗೆ ತಳ್ಳಿಕೊಂಡು ಹೋಗಿ, ಗೇರುಗಳನ್ನು ಅಡಿಗೆಮನೆಯ ಮೇಜಿನ ಮೇಲೆ ಹಳೆಯ ಪೇಪರ್ ಹರಡಿ ಸಾಲಾಗಿ ಇಟ್ಟೆವು. ರೋಗ ಕಣ್ಣಿಗೇ ಕಾಣುತ್ತಿತ್ತು. ಎರಡನೇ ಗೇರಿನ ಪಕ್ಕದಲ್ಲಿ ಹಿಡಿತಕ್ಕೆಂದಿರುವ ಗಟ್ಟಿ ಹಲ್ಲುಗಳು ಸವೆದು, ಬಳಸಿದ ಸಾಬೂನಿನಂತೆ ದುಂಡಗಾಗಿದ್ದವು. ಅದನ್ನು ಆಚೀಚೆ ತಳ್ಳುವ ಫೋರ್ಕ್ ಕೂಡ ಬಾಗಿತ್ತು. ಭಾರ ಬಿದ್ದಾಗ ಹಲ್ಲು ಹಲ್ಲಿನಿಂದ ಜಾರದೆ ಇನ್ನೇನು ಮಾಡುತ್ತದೆ? ಎಯ್ಲಿಫ್ ಕಿಟಕಿಯಾಚೆ, ಬೆಟ್ಟಗಳ ನಡುವೆ ಒಳಚಾಚಿದ ಕಡಲಿನ, ಫ್ಯೋರ್ಡಿನ ಕಡೆ ಬೆರಳು ತೋರಿಸಿದ. ಅವನ ದೋಣಿಮನೆಯಲ್ಲಿ, ಹರಿದ ಬಲೆಗಳ ಅಡಿಯಲ್ಲಿ ಒಂದು ಹಳೆಯ ಗೇರ್‌ಬಾಕ್ಸ್ ಬಿದ್ದಿತ್ತು. ನಾನೂ ಸಿಗ್ವೋರೂ ಅದನ್ನು ಬಕೆಟ್ಟಿನಲ್ಲಿಟ್ಟು ಹೊತ್ತು ತಂದೆವು. ಅದರ ಗೇರು, ಫೋರ್ಕ್ ಎರಡೂ ಹೊಸದರಂತಿದ್ದವು.

ಮತ್ತೆ ಗ್ಯಾರೇಜಿಗೆ ಬಂದು ಜೋಡಿಸಿದ್ದಾಯಿತು. ಮುಚ್ಚಳ ಹಾಕಿ, ಹಿಂದಿನ ಚಕ್ರವನ್ನು ಕೈಯಲ್ಲಿ ತಿರುಗಿಸುತ್ತ ಗೇರು ಒತ್ತಿ ನೋಡಿದಳು. ಒಂದು, ಎರಡು, ಮೂರು ಬಿದ್ದವು. ನಾಲ್ಕು ಬೀಳಲೇ ಇಲ್ಲ. ಮತ್ತೆ ಬಿಚ್ಚಿದಳು, ಮತ್ತೆ ಜೋಡಿಸಿದಳು. ಈ ಸಲ ಒಂದನೆಯದೇ ಬೀಳಲಿಲ್ಲ. ಮುಚ್ಚಳವನ್ನು ಮತ್ತೆ ತೆಗೆದಳು.

"ಭಾನುವಾರ!" ಎಯ್ಲಿಫ್ ಕೂಗಿದ. "ಭಾನುವಾರ... ಹಿಂದೆ! ಹಿಂದೆ!"

"ಏನು ಹಿಂದೆ? ಗೇರು ಹಿಂದೆನಾ, ಫೋರ್ಕ್ ಹಿಂದೆನಾ?"

"ಭಾನುವಾರ ಕಣೆ!" ಅವನು ಎಡಗೈಯಿಂದ ಕುರ್ಚಿಯ ತೋಳಿಗೆ ಗುದ್ದಿದ.

ಸಿಗ್ವೋರ್ ಎಣ್ಣೆಬಟ್ಟೆಯನ್ನು ನೆಲಕ್ಕೆ ಬಿಸಾಡಿದಳು.

"ನನ್ಮೇಲೆ ಕೂಗ್ಬೇಡ! ನಿಂಗೆ ಊಟ ತಿನ್ಸಿ, ನಿನ್ನ ಎತ್ತಿ ಇಳ್ಸಿ ನನ್ ಸೊಂಟ ಬಿದ್ದೋಗಿದೆ. ಇದನ್ನ ನಾನು ಸವಾರಿ ಮಾಡಿ ಮೆರೆಯೋಕೆ ರಿಪೇರಿ ಮಾಡ್ತಿದೀನಿ ಅಂದ್ಕೊಂಡಿದೀಯಾ? ಮಾರೋಕೆ ಕಣೋ! ಮಾರ್ತಿದೀನಿ ಇದನ್ನ!"

ಸಿಗ್ವೋರ್ ಹೊರಗೆ ಹೋಗಿ ಮಳೆಯಲ್ಲಿ, ಗೋಡೆಗೆ ಹಣೆ ಒತ್ತಿ ನಿಂತಳು. ನಾನು ಯಾರ ಕಡೆ ಹೋಗಬೇಕೆಂದು ತಿಳಿಯದೆ ಬಿದ್ದ ಬಟ್ಟೆಯನ್ನು ಎತ್ತಿ ಮಡಿಸಿದೆ. ಎಯ್ಲಿಫ್ ಬೈಕಿನ ಟ್ಯಾಂಕನ್ನೇ ನೋಡುತ್ತಿದ್ದ. ಅವನ ಬಾಯಿ ಪದ ಹುಡುಕುತ್ತ ಅಲುಗುತ್ತಿತ್ತು.

ಅವಳು ಒಳಗೆ ಬಂದಾಗ ಕೂದಲಿಂದ ನೀರು ಸೋರುತ್ತಿತ್ತು. "ಮೊದ್ಲೇ ಹೇಳ್ಬೇಕಿತ್ತು," ಎಂದಳು. "ಹೇಳೋಕೆ ಧೈರ್ಯ ಬರ್ಲಿಲ್ಲ."

ಅವನು ತಲೆಯಾಡಿಸಿದ. ಹೌದೆಂದೋ ಇಲ್ಲವೆಂದೋ ತಿಳಿಯಲಿಲ್ಲ. ಆಮೇಲೆ, ಪದವನ್ನು ಕಲ್ಲಿನಡಿಯಿಂದ ಎಳೆದಂತೆ, "ಯಾರಿಗೆ?" ಎಂದ.

"ಗೌತೆಗೆ. ರೋಲ್ದಾಲ್ ಮೇಷ್ಟ್ರು."

"ಕೆಟ್ಟಿದ್ದು... ಕೊಡ್ಬಾರ್ದು ಅವ್ನಿಗೆ." ಅವನು ಎಡಗೈ ಚಾಚಿ, ಅವಳ ಮಣಿಕಟ್ಟು ಹಿಡಿದು ಗೇರ್‌ಬಾಕ್ಸಿನ ಕಡೆ ಎಳೆದ. ಅವಳ ಬೆರಳನ್ನು ಫೋರ್ಕುಗಳನ್ನು ನಡೆಸುವ ಹಲ್ಲಿನ ತಟ್ಟೆಯ ಮೇಲೆ ಇಟ್ಟು, ಒಂದು ಬೆರಳು ಎತ್ತಿ ತೋರಿಸಿದ. "ಒಂದು... ಹಲ್ಲು. ಹಿಂದೆ."

ತಟ್ಟೆಯನ್ನು ಒಂದು ಹಲ್ಲು ಹಿಂದಕ್ಕೆ ಕೂರಿಸಬೇಕಿತ್ತು, ಅಷ್ಟೇ. ಹಾಗೆ ಕೂರಿಸಿ ಮುಚ್ಚಿದಾಗ ನಾಲ್ಕೂ ಗೇರುಗಳು ಟಕ್ ಟಕ್ಕೆಂದು ಬಿದ್ದವು. ಸಿಗ್ವೋರ್ ಹೊಸ ಎಣ್ಣೆ ಸುರಿದು, ಊರ ಮೇಲಿನ ಶೆಗ್ಗೆದಾಲ್ ಕಣಿವೆಯ ಕಡಿದಾದ ತಿರುವುಗಳನ್ನು ಎರಡನೇ ಗೇರಿನಲ್ಲೇ ಹತ್ತಿ ಇಳಿದು ಬಂದಳು. ಬೈಕು ಒಮ್ಮೆಯೂ ಜಾರಲಿಲ್ಲ. ಎಯ್ಲಿಫ್ ಬಾಗಿಲಲ್ಲಿ ಕೂತು, ಕಣ್ಣು ಮುಚ್ಚಿ, ದೂರದಿಂದ ಬರುವ ಸದ್ದನ್ನೇ ಕೇಳುತ್ತಿದ್ದ.

ಮುಂದಿನ ವಾರ ಗೌತೆ ಬಂದರು. ಎಯ್ಲಿಫ್ ಅವರನ್ನು ಕೂರಿಸಿಕೊಂಡು, ತಣ್ಣಗಿರುವಾಗ ಕ್ಲಚ್ ಅಂಟುತ್ತದೆ, ಹೊರಡುವ ಮುಂಚೆ ಅದನ್ನು ಹಿಡಿದು ಕಿಕ್ ಒದೆಯಬೇಕು ಎಂಬುದನ್ನು ಕೈಸನ್ನೆಯಲ್ಲೇ ತಿಳಿಸಿದ. ಅವರಿಗೆ ಅರ್ಥವಾಗುವವರೆಗೂ ಬಿಡಲಿಲ್ಲ. ಬೈಕು ತಿರುವಿನಲ್ಲಿ ಮರೆಯಾದ ಮೇಲೆ ಅವನೇ ಕುರ್ಚಿ ತಿರುಗಿಸಿಕೊಂಡು ಒಳಗೆ ಹೋದ.

ನಾನು ಸಿಗ್ವೋರಳಿಗೆ ಕಾಫಿ, ಕಂದು ಚೀಸ್ ಇಟ್ಟ ಬ್ರೆಡ್ಡು ತಂದುಕೊಟ್ಟೆ. "ಬೇಜಾರಾಯ್ತೇನೆ?" ಎಂದು ಕೇಳಿದೆ.

"ಬೇಜಾರು ಆಮೇಲೆ ಮಾಡ್ಕೋತೀನಿ, ಬೋರ್ಗಿಲ್ಡ್. ಮೊದ್ಲು ನಿದ್ದೆ ಬೇಕು."

ಕಾಫಿ ಅರ್ಧ ಕುಡಿಯುವಷ್ಟರಲ್ಲಿ, ಕೋಟು ಕೂಡ ತೆಗೆಯದೆ, ಅಡಿಗೆಮನೆಯ ಬೆಂಚಿನ ಮೇಲೆ ಒರಗಿದವಳು ಹಾಗೇ ನಿದ್ದೆಹೋದಳು. ನಾನು ಲೋಟ ಎತ್ತಲು ಹೋದೆ. ಎಯ್ಲಿಫ್ ಎಡಗೈಯ ಬೆರಳನ್ನು ತುಟಿಯ ಮೇಲಿಟ್ಟು, ಹಾಗೇ ಬಿಡು ಎಂದು ಸನ್ನೆ ಮಾಡಿದ. ನಾನು ಬಾಗಿಲು ಮೆಲ್ಲಗೆ ಎಳೆದುಕೊಂಡು ಕೆಳಗಿಳಿದೆ.