ಸ್ಟುಡಿಯೋ ಮಾವನ ರಾಯಲ್ಟಿ

ಕಂಡಕಂಡವರ ಕೈಗೆಲ್ಲ ಕ್ಯಾಮೆರಾ ಇರುವ ಮೊಬೈಲು ಬಂದ ಮೇಲೆ, ಬೀದಿಯವರೆಲ್ಲ ಸ್ಟುಡಿಯೋ ಮಾವ ಎಂದು ಕರೆಯುತ್ತಿದ್ದ ಫೋಟೋದವರ ಅಂಗಡಿಗೆ ಪಾಸ್‌ಪೋರ್ಟ್ ಫೋಟೋದವರೂ ಬರುವುದು ನಿಂತಿತು. ಅಂಗಡಿ ಮುಚ್ಚಿದ ಮಾವ ಮೊಬೈಲಿನ ಮೇಲೆ ಹಲ್ಲು ಮಸೆಯುತ್ತಾ ಮನೆಯಲ್ಲಿ ಕೂತರು. ಆಗಲೇ ಬ್ಯಾಂಕಿನಲ್ಲಿದ್ದ ಅಳಿಯ ಒಂದು ಕಂಪನಿಯ ವಿಷಯ ಹೇಳಿದ್ದು. ಆ ಕಂಪನಿ ಒಂದೇ ಒಂದು ಫೋನನ್ನೂ ತಯಾರಿಸುವುದಿಲ್ಲ. ಆದರೆ ಫೋನು ತಂತಿಯಿಲ್ಲದೆ ಟವರಿನೊಡನೆ ಮಾತಾಡುವ ವಿದ್ಯೆಯ ಮುಖ್ಯ ಪೇಟೆಂಟುಗಳು ಅದರ ಕೈಯಲ್ಲಿವೆ. ಯಾರು ಫೋನು ತಯಾರಿಸಿ ಮಾರಿದರೂ ಅದಕ್ಕೆ ರಾಯಲ್ಟಿ ಕಟ್ಟಬೇಕು.

"ಅಂದ್ರೆ ನನ್ನ ಹೊಟ್ಟೆ ಮೇಲೆ ಹೊಡೆದವರೇ ನನಗೆ ಕಪ್ಪ ಕೊಡ್ತಾರೆ ಅನ್ನಿ!" ಎಂದ ಮಾವ, ಕ್ಯಾಮೆರಾ, ದೀಪಗಳನ್ನು ಮಾರಿದ ದುಡ್ಡಿನಲ್ಲಿ ಆ ಕಂಪನಿಯ ಷೇರು ಕೊಂಡೇಬಿಟ್ಟರು.

ಅಲ್ಲಿಂದ ಅವರ ನಡಿಗೆಯೇ ಬದಲಾಯಿತು. ಬಸ್ಸಿನಲ್ಲಿ ಯಾರಾದರೂ ಫೋನು ಬೀಳಿಸಿ ಗಾಜು ಒಡೆದುಕೊಂಡರೆ ಬಾಯಿ "ಅಯ್ಯೋ ಪಾಪ" ಎನ್ನುತ್ತಿತ್ತು, ಮುಖ ಅರಳುತ್ತಿತ್ತು. "ರಿಪೇರಿ ಯಾಕೆ, ಹೊಸದೇ ತಗೊಳ್ಳಿ" ಎಂದು ಪುಕ್ಕಟೆ ಸಲಹೆ ಬೇರೆ.

ಹೀಗಿರುವಾಗ, ಕಂಪನಿಗೆ ಎಲ್ಲರಿಗಿಂತ ಹೆಚ್ಚು ರಾಯಲ್ಟಿ ಕಟ್ಟುತ್ತಿದ್ದ ಫೋನು ತಯಾರಕರಿಗೆ ಆ ಪೇಟೆಂಟು ಬಳಸಲು ಕೊಟ್ಟಿದ್ದ ಲೈಸೆನ್ಸ್ ಮುಗಿಯಿತು. ಹೊಸ ದರ ಜಾಸ್ತಿಯಾಯಿತೆಂದು ಅವರು ಪೈಸೆ ಬಿಚ್ಚದೆ ಕೋರ್ಟಿಗೆ ಹೋದರು. ಹೆದರಿದವರೆಲ್ಲ ಮಾರಲು ಮುಗಿಬಿದ್ದು ಷೇರು ನೆಲ ಕಚ್ಚಿತು. ಮಾವನಿಗೆ ಊಟ ಸೇರದಾಯಿತು. ಸಾಲದ್ದಕ್ಕೆ ಅದೇ ವಾರ ಮಗಳು ಫೋನು ಮಾಡಿ, "ಅಪ್ಪಾ, ಹೊಸ ಫೋನ್ ತಗೊಂಡೆ" ಎಂದು ಹೇಳಿದ ಹೆಸರು ಆ ತಯಾರಕರದೇ!

"ಆ ಕದ್ದ ಮಾಲಿನಲ್ಲಿ ನನ್ನ ಹತ್ರ ಮಾತಾಡ್ಬೇಡ!" ಎಂದು ಮಾವ ಫೋನಿಟ್ಟರು.

ಆಮೇಲೆ ಮಗಳ ಕರೆ ಬಂದಾಗಲೆಲ್ಲ ಹೆಂಡತಿಯ ಕೈಗೆ ದಾಟಿಸಿ, ಪಕ್ಕದಲ್ಲೇ ಕಿವಿ ನಿಮಿರಿಸಿ ಕೂರುತ್ತಿದ್ದರು. "ಮೊಮ್ಮಗಳಿಗೆ ಜ್ವರ ಬಿಡ್ತಾ ಕೇಳು" ಎಂದು ಪಿಸುಗುಟ್ಟುವರು.

"ನೀವೇ ಕೇಳ್ರೀ. ನಾನೇನು ನಿಮ್ಮ ವಕೀಲಳಾ?"

ಕೊನೆಗೂ ರಾಜಿಯಾಯಿತು. ಹಳೆಯ ಬಾಕಿಯನ್ನು ಇಡಿಗಂಟಾಗಿ ಕಟ್ಟಲು ತಯಾರಕರು ಒಪ್ಪಿದರು. ಷೇರು ಚಿಮ್ಮಿತು. ಮಾವ ಚಪ್ಪಲಿ ಮೆಟ್ಟಿ ಬೀದಿಯ ಆ ತುದಿಯವರೆಗೂ ಸುದ್ದಿ ಹಂಚಿ ಬಂದರು. ಮರುದಿನ ನೋಡಿದರೆ ಏರಿದ್ದರಲ್ಲಿ ಅರ್ಧ ಇಳಿದುಹೋಗಿತ್ತು. ಕಂಗಾಲಾಗಿ ಅಳಿಯನಿಗೆ ಫೋನು ಹಚ್ಚಿದರು.

"ಬಾಕಿ ಒಂದೇ ಸಲ ಬರೋದು ಮಾವ. ಮುಂದೆ ವರ್ಷವರ್ಷ ಬರೋ ರಾಯಲ್ಟಿ ದರ ಇಳಿಸಿದ್ದಾರೆ. ಷೇರು ಕೊಳ್ಳೋರು ನೋಡೋದು ಅದನ್ನೇ."

"ಇಷ್ಟೆಲ್ಲ ಜಗಳ ಆಡಿ ಕೊನೆಗೆ ನಮ್ಮ ಕಂಪನಿಯವರೇ ಬಗ್ಗಿದ್ರಾ?"

"ದೊಡ್ಡ ಗಿರಾಕಿ ಅಲ್ವಾ. ಎಷ್ಟು ದಿನ ಅಂತ ಮುನಿಸ್ಕೊಂಡಿರೋಕಾಗುತ್ತೆ?"

ಮಾವ ದನಿ ತಗ್ಗಿಸಿದರು. "ಅವಳಿದ್ದಾಳಾ?"

"ಇದ್ದಾಳೆ. ಇದರಲ್ಲೇ ಕೊಡ್ಲಾ, ಅವಳ ಫೋನ್‌ಗೆ ಮಾಡ್ತೀರಾ?"

"ಅವಳದಕ್ಕೇ ಮಾಡ್ತೀನಿ. ಆ ಫೋನಿನವರೂ ಈಗ ರಾಯಲ್ಟಿ ಕಟ್ತಾರಲ್ಲ," ಎಂದು ಫೋನಿಟ್ಟ ಮಾವ ಮಗಳ ನಂಬರು ಒತ್ತಿದರು.

ಅಪ್ಪ ಮಗಳ ಮಾತು ಮುಗಿಯುವ ಲಕ್ಷಣ ಕಾಣದೆ, ಹೆಂಡತಿ ಒಲೆ ಆರಿಸಿ ಬಂದು, "ನನಗೂ ಒಂಚೂರು ಕೊಡ್ರೀ" ಎಂದು ಕೈಚಾಚಿ ನಿಂತರು. ಷೇರನ್ನು ಮಾವ ಮಾರಲಿಲ್ಲ. ಅದು ಕೊಂಡ ಬೆಲೆಗಿಂತ ಒಂದಿಷ್ಟು ಮೇಲೆ ಇನ್ನೂ ತೂಗಾಡುತ್ತಿದೆ.